ಮರೆತ ಕೃತಿಗೆ ಮರುವಿಚಾರಣೆ: ಏರನ್ ರೋಸಾಂಡರ ಪಿಟೀಲು ಧ್ವನಿಮುದ್ರಿಕೆಗಳು

ಸಾಹಿತ್ಯ ಸಂಶೋಧನೆಗೆ ಮೀಸಲಾದ ಈ ಸಂಚಿಕೆಯಲ್ಲಿ ಪಾಶ್ಚಾತ್ಯರ ಪಿಟೀಲಿನ ಪ್ರಸ್ತಾಪವೇಕೆ ಎಂದು ಕೆಲವರು ಕೇಳಬಹುದು. ಕೇಳುವುದು ನ್ಯಾಯವೇ. ಆದರೆ ಹಳೆಯ ಓಲೆಗರಿಯನ್ನು ಬಿಡಿಸಿ ಓದುವವರಿಗೂ, ಹಳೆಯ ಸ್ವರಲಿಪಿಯನ್ನು ಬಿಡಿಸಿ ನುಡಿಸುವವರಿಗೂ ಎದುರಾಗುವ ಪ್ರಶ್ನೆ ಒಂದೇ. ಜನ ಮರೆತುಬಿಟ್ಟ ಕೃತಿಯೊಂದನ್ನು ಮತ್ತೆ ಎತ್ತಿಹಿಡಿಯುವಾಗ ನಾವು ಅದರ ಗುಣವನ್ನು ಎತ್ತಿಹಿಡಿಯುತ್ತಿದ್ದೇವೆಯೋ, ಬರಿಯ ಅಪರೂಪವನ್ನೋ? ಈ ಪ್ರಶ್ನೆಗೆ ಉತ್ತರ ಹುಡುಕಲು ನಮಗೆ ನೆರವಾದದ್ದು ಅಮೆರಿಕದ ಪಿಟೀಲುವಾದಕ ಏರನ್ ರೋಸಾಂಡರ ಕೆಲವು ಧ್ವನಿಮುದ್ರಿಕೆಗಳು.

ಕಳೆದ ಬೇಸಗೆ ರಜೆಯಲ್ಲಿ ಶಾಲೆಯ ಲೆಕ್ಕಪತ್ರಗಳನ್ನೆಲ್ಲ ಮುಗಿಸಿ, ನಮ್ಮ ಸಂಗೀತದ ಮಾಸ್ತರರನ್ನು ಮನೆಗೆ ಕರೆದು, ಈ ಮುದ್ರಿಕೆಗಳಲ್ಲೊಂದನ್ನು ಕೇಳಿಸಿದೆವು. ಅವರು ಕರ್ನಾಟಕ ಸಂಗೀತದ ಪಿಟೀಲುವಾದಕರು, ಮೆಚ್ಚಿಕೆಯಲ್ಲಿ ಜಿಪುಣರು. ಯೋವಾಕಿಮ್ ಎಂಬ ವಾಗ್ಗೇಯಕಾರನ ಕೃತಿಯ ಎರಡನೆಯ ಭಾಗ ಮುಗಿಯುವ ತನಕ ತುಟಿ ಬಿಚ್ಚದೆ ಕುಳಿತಿದ್ದರು. ಆಮೇಲೆ ಕೇಳಿದರು: “ಅಲ್ಲ ಮಾಷ್ಟ್ರೇ, ಇದು ಇಷ್ಟು ಚೆಂದ ಉಂಟಾದರೆ ಜನ ಮರೆತದ್ದು ಯಾಕೆ?” ಆಗ ನಮ್ಮಲ್ಲಿ ಉತ್ತರವಿರಲಿಲ್ಲ. ಈ ಲೇಖನ ಅವರಿಗೆ ಸಲ್ಲಿಸಬೇಕಾಗಿದ್ದ ಉತ್ತರ.

ಮೊದಲು ವಾದಕರ ಪರಿಚಯ. ರೋಸಾಂಡರು ಇಂಡಿಯಾನಾ ಸಂಸ್ಥಾನದ ಹ್ಯಾಮಂಡ್ ಎಂಬ ಊರಿನಲ್ಲಿ 1927ರಲ್ಲಿ ಹುಟ್ಟಿದರು. 2019ರಲ್ಲಿ, ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. 1970ರ ಆಸುಪಾಸಿನ ವರ್ಷಗಳಲ್ಲಿ ಇವರು ವಾಕ್ಸ್ ಕಂಪನಿಗಾಗಿ ಲಕ್ಸೆಂಬರ್ಗ್ ರೇಡಿಯೋ ವಾದ್ಯವೃಂದದೊಡನೆ ಸಭೆಗಳಲ್ಲಿ ಕೇಳಸಿಗದ ಹತ್ತೊಂಬತ್ತನೆಯ ಶತಮಾನದ ಕೃತಿಗಳನ್ನೂ ಅದೇ ರಮ್ಯಪಂಥದ ಜಾಡಿನ ಮುಂದಿನ ಕೃತಿಗಳನ್ನೂ ಮುದ್ರಿಸಿದರು. ಯೋಸೆಫ್ ಯೋವಾಕಿಮನ ‘ಹಂಗೇರಿಯನ್’ ಕಾನ್ಚರ್ಟೊ, ಹೈನ್ರಿಕ್ ವಿಲ್ಹೆಲ್ಮ್ ಎರ್ನ್‌ಸ್ಟನ ಎಫ್ ಶಾರ್ಪ್ ಮೈನರ್ ಕಾನ್ಚರ್ಟೊ, ಬೆಂಜಮಿನ್ ಗೊದಾರನ ‘ರೊಮಾಂತಿಕ್’ ಕಾನ್ಚರ್ಟೊ, ಯೆನೋ ಹುಬಾಯಿಯ ಮೂರನೆಯ ಕಾನ್ಚರ್ಟೊ ಇವುಗಳಲ್ಲಿ ಮುಖ್ಯವಾದವು. ಒಬ್ಬ ವಾದಕನೂ ಇಡೀ ವಾದ್ಯವೃಂದವೂ ಎದುರುಬದುರಾಗಿ ನಡೆಸುವ ದೊಡ್ಡ ರಚನೆಗೆ ಕಾನ್ಚರ್ಟೊ ಎಂದು ಹೆಸರು. ಸಾಮಾನ್ಯವಾಗಿ ಅದಕ್ಕೆ ಮೂರು ಭಾಗಗಳು.

ಇವುಗಳಲ್ಲಿ ಯೋವಾಕಿಮನ ಕೃತಿಯನ್ನೇ ನಾವು ಮುಂದಿಟ್ಟುಕೊಳ್ಳುತ್ತೇವೆ. ಏಕೆಂದರೆ ಮರವೆಯ ನ್ಯಾಯಾನ್ಯಾಯಗಳೆರಡೂ ಈತನೊಬ್ಬನ ಚರಿತ್ರೆಯಲ್ಲೇ ಕಾಣಸಿಗುತ್ತವೆ.

ಇಂದು ಪಿಟೀಲಿನ ಕೃತಿಗಳಲ್ಲಿ ಮಕುಟಪ್ರಾಯವೆನಿಸಿರುವುದು ಬೀಥೋವನನ ಕಾನ್ಚರ್ಟೊ. ಅದು ಮೊದಲು ಸಭೆಗೆ ಬಂದದ್ದು 1806ರಲ್ಲಿ. ಆಮೇಲೆ ಹಲವು ದಶಕಗಳ ಕಾಲ ಅದನ್ನು ನುಡಿಸಿದವರು ವಿರಳ. 1844ರ ಮೇ 27ರಂದು ಲಂಡನ್ನಿನಲ್ಲಿ ಮೆಂಡೆಲ್‌ಸನ್ನನ ನಿರ್ದೇಶನದಲ್ಲಿ ಹನ್ನೆರಡು ವರ್ಷದ ಬಾಲಕನೊಬ್ಬ ಅದನ್ನು ನುಡಿಸಿದ. ಆ ಬಾಲಕನೇ ಯೋವಾಕಿಮ್. ಮುಂದೆ ಅವನು ಬಾಳಿನುದ್ದಕ್ಕೂ ನುಡಿಸಿದ್ದರಿಂದಲೇ ಆ ಕೃತಿ ಬೇರೂರಿತು. ಅಂದಮೇಲೆ ಜನ ಮರೆತದ್ದೆಲ್ಲ ಮರೆಯತಕ್ಕದ್ದೇ ಎಂಬ ಮಾತು ನಿಲ್ಲುವುದಿಲ್ಲ. ಅತ್ಯುತ್ತಮವಾದುದೂ ಮೂಲೆ ಸೇರಬಹುದು. ಒಬ್ಬ ಸಮರ್ಥ ವಾದಕನ ಹಟದಿಂದ ಅದು ಪೀಠವನ್ನೂ ಏರಬಹುದು.

ಇದು ಒಂದು ಮುಖ. ಯೋವಾಕಿಮನಿಗಿಂತ ಮೊದಲಿನ ವಾದಕರು ಹೆಚ್ಚಾಗಿ ತಾವೇ ರಚಿಸಿದ ಕೃತಿಗಳನ್ನು ನುಡಿಸುತ್ತಿದ್ದರು. ಪಗನೀನಿ ಹಾಗೆ, ಎರ್ನ್‌ಸ್ಟ್ ಹಾಗೆ. ತಮ್ಮ ಬೆರಳುಗಳ ಅಳತೆಗೆ ತಾವೇ ಹೊಲಿದುಕೊಂಡ ಅಂಗಿ ಅದು. ಯೋವಾಕಿಮನು ಈ ಪದ್ಧತಿಯನ್ನು ತಿರುಗಿಸಿದ. ವಾದಕನು ತನ್ನನ್ನು ಮೆರೆಸಬಾರದು, ವಾಗ್ಗೇಯಕಾರನ ಸೇವಕನಾಗಬೇಕು ಎಂಬುದು ಅವನ ನಿಷ್ಠೆ. ಬಾಖ್, ಬೀಥೋವನ್, ಬ್ರಾಮ್ಸ್ ಇವರನ್ನು ಶ್ರೋತೃಗಳ ಮನಸ್ಸಿನಲ್ಲಿ ನೆಲೆಗೊಳಿಸಿದ. ಜನ ಪಾಠವನ್ನು ಚೆನ್ನಾಗಿಯೇ ಕಲಿತರು. ಎಷ್ಟು ಚೆನ್ನಾಗಿ ಎಂದರೆ, ವಾದಕರು ಬರೆದುಕೊಂಡ ಕೃತಿಗಳನ್ನೆಲ್ಲ ಒಟ್ಟಾಗಿ ಬದಿಗಿಟ್ಟರು. ಆ ರಾಶಿಯಲ್ಲಿ ಗುರುವಿನ ಕಾನ್ಚರ್ಟೊವೂ ಹೋಯಿತು! ತಾನು ಕಟ್ಟಿದ ಅಭಿರುಚಿಗೆ ತಾನೇ ಬಲಿಯಾದ ಕಲಾವಿದ ಈತ. ನಮ್ಮ ಮಾಸ್ತರರ ಪ್ರಶ್ನೆಗೆ ಅರ್ಧ ಉತ್ತರ ಇದು.

ಇನ್ನರ್ಧ ಕೃತಿಯ ಉದ್ದದಲ್ಲಿದೆ. ಈ ಕಾನ್ಚರ್ಟೊ 1861ರಲ್ಲಿ ಅಚ್ಚಾಯಿತು, ಬ್ರಾಮ್ಸನಿಗೆ ಅರ್ಪಿತವಾಯಿತು. ಪೂರ್ತಿ ನುಡಿಸಲು ನಲವತ್ತು ನಿಮಿಷಗಳಷ್ಟು ಬೇಕು. ಗ್ರಾಮಫೋನು ಹುಟ್ಟಿದಾಗ ಯೋವಾಕಿಮ್ ಇನ್ನೂ ಬದುಕಿದ್ದ. 1903ರಲ್ಲಿ, ಎಪ್ಪತ್ತು ದಾಟಿದ ಮೇಲೆ, ಅವನು ಐದು ಚಿಕ್ಕ ಮುದ್ರಿಕೆಗಳನ್ನು ಮಾಡಿದ: ಬಾಖನದು ಎರಡು, ಬ್ರಾಮ್ಸನ ಹಂಗೇರಿಯನ್ ನೃತ್ಯಗಳು ಎರಡು, ತನ್ನದೇ ಒಂದು ರೊಮಾನ್ಸ್. ಒಂದು ಮಗ್ಗುಲಿಗೆ ಕೆಲವೇ ನಿಮಿಷ ಹಿಡಿಯುತ್ತಿದ್ದ ಅಂದಿನ ತಟ್ಟೆಯಲ್ಲಿ ದೊಡ್ಡ ಕಾನ್ಚರ್ಟೊಗೆ ಎಡೆಯೆಲ್ಲಿ? 1907ರಲ್ಲಿ ಆತ ತೀರಿಕೊಂಡ. ಇಪ್ಪತ್ತು ನಿಮಿಷಗಳಿಗೂ ಮೀರಿ ಹಿಡಿಯುವ ದೀರ್ಘ ತಟ್ಟೆ ಮಾರುಕಟ್ಟೆಗೆ ಬಂದದ್ದು 1948ರಲ್ಲಿ. ಆ ಬಳಿಕವೇ ಇಂಥ ಕೃತಿಗಳಿಗೆ ತಟ್ಟೆಯಲ್ಲಿ ತಕ್ಕ ಜಾಗ ಸಿಕ್ಕಿತು.

ತಟ್ಟೆಯಿದ್ದರೂ ವೆಚ್ಚ ಹೊರುವವರು ಬೇಕು. ಈ ಮಾತಿಗೆ ಕನ್ನಡ ನಾಡಿನ ಉದಾಹರಣೆಯೇ ಉಂಟು. 1940ರ ದಶಕದ ಕೊನೆಯಲ್ಲಿ ಮೈಸೂರಿನ ಜಯಚಾಮರಾಜೇಂದ್ರ ಒಡೆಯರು, ಲಂಡನ್ನಿನಲ್ಲಿ ಹೆಚ್ಚು ಜನರ ಗಮನಕ್ಕೆ ಬಾರದೆ ಬದುಕುತ್ತಿದ್ದ ರಷ್ಯದ ನಿಕೊಲಾಯ್ ಮೆಟ್ನರನು ತನ್ನ ಕೃತಿಗಳನ್ನು ತಾನೇ ನುಡಿಸಿ ಮುದ್ರಿಸಲು ಧನಸಹಾಯ ಮಾಡಿದರು. ಮೆಟ್ನರ್ ತನ್ನ ಮೂರನೆಯ ಪಿಯಾನೋ ಕಾನ್ಚರ್ಟೊವನ್ನು ಮಹಾರಾಜರಿಗೆ ಅರ್ಪಿಸಿದ, 1951ರಲ್ಲಿ ಕಾಲವಾದ. ಆ ಮುದ್ರಿಕೆಗಳಿಲ್ಲದಿದ್ದರೆ ಅವನ ಕೈಯಲ್ಲಿ ಆ ಕೃತಿಗಳು ಹೇಗಿದ್ದವು ಎಂಬುದು ನಮಗೆ ಇಷ್ಟು ಚೆನ್ನಾಗಿ ತಿಳಿಯುತ್ತಿರಲಿಲ್ಲ.

ಇನ್ನು ರೋಸಾಂಡರ ವಾದನಕ್ಕೆ ಬರೋಣ. ಇವರಿಗೂ ಯೋವಾಕಿಮನಿಗೂ ಇರುವ ಸಂಬಂಧ ಬರಿಯ ಸ್ವರಲಿಪಿಯದಲ್ಲ, ಗುರುಪರಂಪರೆಯದು. ಯೋವಾಕಿಮನ ಶಿಷ್ಯ ಲಿಯೋಪೋಲ್ಡ್ ಆವರ್. ಆವರನ ಶಿಷ್ಯ ಎಫ್ರೆಮ್ ಜಿಂಬಲಿಸ್ಟ್. ಫಿಲಡೆಲ್ಫಿಯದ ಕರ್ಟಿಸ್ ವಿದ್ಯಾಲಯದಲ್ಲಿ ಜಿಂಬಲಿಸ್ಟರ ಶಿಷ್ಯರು ರೋಸಾಂಡ್. ಅದಕ್ಕೂ ಮೊದಲು ಇವರಿಗೆ ಪಾಠ ಹೇಳಿದ ಲಿಯೋನ್ ಸಮೆಟಿನಿ, ಬೆಲ್ಜಿಯಂನ ಮಹಾವಾದಕ ಇಸಾಯಿಯ ಶಿಷ್ಯ. ಒಂದು ಕಡೆಯಿಂದ ಶಿಸ್ತು, ಇನ್ನೊಂದು ಕಡೆಯಿಂದ ನಾದದ ಆರ್ದ್ರತೆ ಇವರಿಗೆ ಬಳುವಳಿಯಾಗಿ ಬಂದಂತಿದೆ.

ಹಂಗೇರಿಯನ್ ಕಾನ್ಚರ್ಟೊದ ಮೊದಲ ಭಾಗ ಗಂಭೀರ, ಆದರೆ ದೀರ್ಘ. ಒಂದೇ ಭಾವವನ್ನು ಯೋವಾಕಿಮ್ ಮತ್ತೆ ಮತ್ತೆ ತಿರುವಿಹಾಕುತ್ತಾನೆ. ರೋಸಾಂಡರು ಇಲ್ಲಿ ಎಲ್ಲಿಯೂ ಕೈ ಸೋಲದೆ, ಬೀಥೋವನನನ್ನು ನುಡಿಸುವ ಶ್ರದ್ಧೆಯಿಂದಲೇ ನುಡಿಸುತ್ತಾರೆ. ಆದರೂ ಕೃತಿಯ ಉದ್ದವನ್ನು ವಾದಕನ ಶ್ರದ್ಧೆ ಕಿರಿದು ಮಾಡಲಾರದು. ಎರಡನೆಯ ಭಾಗವಾದ ರೊಮಾನ್ಸಿನ ಮಾತೇ ಬೇರೆ. ಇಲ್ಲಿ ಸ್ವರದಿಂದ ಸ್ವರಕ್ಕೆ ಅವರ ಬೆರಳು ಜಾರುವ ಬಗೆ ನಮ್ಮ ‘ಜಾರು’ವನ್ನು ನೆನಪಿಗೆ ತರುತ್ತದೆ. ನಾದದ ಕಂಪನ ಬಿಗಿ, ತ್ವರಿತ, ಆದರೆ ಅಳುಬುರುಕುತನವಿಲ್ಲ. ನಮ್ಮ ಮಾಸ್ತರರನ್ನು ಮೌನವಾಗಿಸಿದ್ದು ಈ ಭಾಗವೇ. ಮೂರನೆಯದು ಜಿಪ್ಸಿ ವಾದಕರ ಮಟ್ಟಿನ ಓಟ. ಹದಿನೆಂಟು ವರ್ಷಗಳ ಅನಂತರ, 1879ರ ಜನವರಿ 1ರಂದು, ಬ್ರಾಮ್ಸನ ಕಾನ್ಚರ್ಟೊವನ್ನು ಮೊದಲು ನುಡಿಸಿದವನು ಯೋವಾಕಿಮನೇ. ಆ ಕೃತಿಯ ಕೊನೆಯ ಭಾಗದಲ್ಲಿಯೂ ಇದೇ ಹಂಗೇರಿಯ ಗಾಳಿ ಬೀಸುತ್ತದೆ. ಗೆಳೆಯರಿಬ್ಬರೂ ತಮ್ಮ ಕಾನ್ಚರ್ಟೊಗಳನ್ನು ಒಬ್ಬರಿಗೊಬ್ಬರು ಅರ್ಪಿಸಿಕೊಂಡವರು. ಬ್ರಾಮ್ಸನನ್ನು ಬಲ್ಲವರು ಇದನ್ನು ಕೇಳದಿದ್ದರೆ ಅವರ ತಿಳಿವಳಿಕೆಯಲ್ಲಿ ಒಂದು ಪುಟ ಖಾಲಿ ಎಂದೇ ನಮ್ಮ ಮತ.

ಎರ್ನ್‌ಸ್ಟನ ಕಾನ್ಚರ್ಟೊ ಒಂದೇ ಭಾಗದಲ್ಲಿ ಮುಗಿಯುವ ಚಿಕ್ಕ ಕೃತಿ. ಕಷ್ಟದಲ್ಲಿ ಮಾತ್ರ ದೊಡ್ಡದು. ಅದರ ಕಷ್ಟದ ಮೂಲವನ್ನು ನಮ್ಮವರು ಸುಲಭವಾಗಿ ಗ್ರಹಿಸಬಲ್ಲರು. ನಮ್ಮ ಪಿಟೀಲುಗಾರರು ತಂತಿಗಳನ್ನು ಷಡ್ಜ ಪಂಚಮಗಳಿಗೆ ಶ್ರುತಿ ಮಾಡಿಕೊಳ್ಳುತ್ತಾರೆ. ಆಧಾರಸ್ವರಗಳು ಬೆರಳಿಡದೆಯೇ ಮೊಳಗುತ್ತವೆ. ಪಾಶ್ಚಾತ್ಯ ಪಿಟೀಲಿನ ತಂತಿಗಳು ಜಿ, ಡಿ, ಎ, ಇ ಎಂಬ ಸ್ವರಗಳಿಗೆ ಕಟ್ಟುಬಿದ್ದಿವೆ. ಬೀಥೋವನನೂ ಬ್ರಾಮ್ಸನೂ ಯೋವಾಕಿಮನೂ ಡಿ ಸ್ವರವನ್ನು ಆಧಾರವಾಗಿ ಹಿಡಿದದ್ದರಿಂದ ಷಡ್ಜಕ್ಕೂ ಪಂಚಮಕ್ಕೂ ಬಿಡಿ ತಂತಿಯ ಬೆಂಬಲ ಸಿಕ್ಕಿತು. ಎರ್ನ್‌ಸ್ಟ್ ಹಿಡಿದ ಎಫ್ ಶಾರ್ಪಿನಲ್ಲಿ ಷಡ್ಜಕ್ಕೂ ಬಿಡಿ ತಂತಿಯಿಲ್ಲ, ಪಂಚಮಕ್ಕೂ ಇಲ್ಲ. ಆಧಾರಸ್ವರಗಳನ್ನು ಬೆರಳೇ ಒತ್ತಿ ಹಿಡಿಯಬೇಕು. ಅದರಿಂದಲೇ ನಾದಕ್ಕೆ ಗಂಟಲು ಕಟ್ಟಿದವನ ಆರ್ತತೆ ಬರುತ್ತದೆ. ಅನೇಕರ ಕೈಯಲ್ಲಿ ಇಂಥ ಕೃತಿ ಬರಿಯ ಕಸರತ್ತಾಗಿ ಕಾಣುವ ಭಯವುಂಟು. ರೋಸಾಂಡರಲ್ಲಿ ಕಸರತ್ತು ಹಿಂದೆ ಸರಿದು ಆರ್ತತೆ ಮುಂದೆ ಬರುತ್ತದೆ. 1865ರಲ್ಲಿ ತೀರಿಕೊಂಡ ಎರ್ನ್‌ಸ್ಟನ ವಾದನ ಯಾವ ತಟ್ಟೆಯಲ್ಲಿಯೂ ಇಲ್ಲ. ಅವನ ಪರವಾಗಿ ಮಾತಾಡಲು ಇಂಥ ಕೈಗಳೇ ಬೇಕು.

ಹೀಗೆಂದು ಎಲ್ಲವನ್ನೂ ತಲೆಯ ಮೇಲೆ ಹೊರಬೇಕಾಗಿಲ್ಲ. ಗೊದಾರನ ಕೃತಿ ಸೊಗಸಾದ ಹೂಮಾಲೆ. ಅದರಲ್ಲಿನ ಕಿರುಗೀತದಂಥ ‘ಕಾಂಜೊನೆಟ್ಟ’ ಮನಸ್ಸಿಗೆ ಹಿತ. ಆದರೆ ಮಾಲೆ ಸಂಜೆಗೆ ಬಾಡುತ್ತದೆ. ಯೋವಾಕಿಮನ ಶಿಷ್ಯನಾದ ಹುಬಾಯಿಯ ಕೃತಿಯಲ್ಲಿ ಕುಶಲತೆ ಧಾರಾಳ, ಸ್ವಂತ ಮಾತು ಕಡಿಮೆ. ಮುದ್ರಿಕೆಗಳಲ್ಲಿಯೂ ಕೊರತೆಯುಂಟು. ವಾದ್ಯವೃಂದ ತೆಳುವಾಗಿ ಹಿಂದೆ ನಿಂತುಬಿಡುತ್ತದೆ. ಯೋವಾಕಿಮನಂಥವನಲ್ಲಿ ಅದು ಸಣ್ಣ ನಷ್ಟವಲ್ಲ. ರೋಸಾಂಡರ ನಾದವೂ ಕೆಲವೆಡೆ ಸದಾ ಉರಿಯುವ ದೀಪದಂತೆ ಒಂದೇ ಪ್ರಖರತೆಯಲ್ಲಿರುತ್ತದೆ. ತುಸು ತಗ್ಗಿಸಿದ್ದರೆ ಚೆನ್ನಾಗಿತ್ತು ಎನಿಸುತ್ತದೆ.

ಇಷ್ಟಾದರೂ ಇವರ ದುಡಿಮೆ ವ್ಯರ್ಥವಾಗಲಿಲ್ಲ. 2003ರಲ್ಲಿ ರೇಚೆಲ್ ಬಾರ್ಟನ್ ಪೈನ್ ಎಂಬ ವಾದಕಿ ಷಿಕಾಗೋದ ವಾದ್ಯವೃಂದದೊಡನೆ ಬ್ರಾಮ್ಸನ ಕಾನ್ಚರ್ಟೊದ ಜೊತೆಯಲ್ಲೇ ಯೋವಾಕಿಮನದನ್ನೂ ಹೊರತಂದರು. ಜರ್ಮನಿಯ ಕ್ರಿಸ್ಟಿಯನ್ ಟೆಟ್ಸ್‌ಲಾಫ್ ಕೂಡ ಇವೆರಡನ್ನೂ ಜೋಡಿಯಾಗಿ ಮುದ್ರಿಸಿದ್ದಾರೆ. ಗೆಳೆಯರು ಮತ್ತೆ ಒಂದೇ ಮನೆಯಲ್ಲಿ ಕೂಡಿದಂತಾಯಿತು.

ರೋಸಾಂಡರು 1981ರಿಂದ ಕರ್ಟಿಸ್ ವಿದ್ಯಾಲಯದಲ್ಲಿ ಅಧ್ಯಾಪಕರಾಗಿದ್ದರೆಂಬುದು ನಮ್ಮ ವೃತ್ತಿಬಾಂಧವರಿಗೆ ಅಭಿಮಾನದ ಸಂಗತಿ. ಗ್ವರ್ನೇರಿ 1741ರಲ್ಲಿ ಮಾಡಿದ ತಮ್ಮ ಪಿಟೀಲನ್ನು 2009ರಲ್ಲಿ ಸುಮಾರು ಒಂದು ಕೋಟಿ ಡಾಲರಿಗೆ ಮಾರಿ, ಅದರಲ್ಲಿ 15 ಲಕ್ಷ ಡಾಲರನ್ನು ತಾವು ಕಲಿತು ಕಲಿಸಿದ ಆ ವಿದ್ಯಾಲಯಕ್ಕೇ ಕೊಟ್ಟರು.

ಸಂಗೀತದ ಮಾಸ್ತರರಿಗೆ ನಮ್ಮ ಉತ್ತರವನ್ನು ಈಗ ಹೇಳಬಹುದು. ಜನ ಕೃತಿಯನ್ನು ತೂಗಿ ನೋಡಿ ಮರೆಯುವುದು ಕಡಿಮೆ. ಕೇಳುವ ಅವಕಾಶ ತಪ್ಪಿದಾಗ ಮರೆಯುವುದೇ ಹೆಚ್ಚು. ಕುಂಬಳೆಯ ಪಾರ್ತಿಸುಬ್ಬನ ಪ್ರಸಂಗಗಳು ಇಂದಿಗೂ ಬದುಕಿರುವುದು ಭಾಗವತರ ಕಂಠದಲ್ಲಿ, ರಂಗದ ಮೇಲೆ, ಪುಸ್ತಕದ ಕಪಾಟಿನಲ್ಲಲ್ಲ. ಆದ್ದರಿಂದ ಮರೆತ ಕೃತಿಯನ್ನು ಎತ್ತಿಕೊಳ್ಳುವವನು ಅದು ಶ್ರೇಷ್ಠವೆಂದೇ ನಂಬಿ ನುಡಿಸಬೇಕು, ಶ್ರೇಷ್ಠವೆಂದೇ ನಂಬಿ ಪಾಠ ಹೇಳಬೇಕು. ಅರೆಮನಸ್ಸಿನಿಂದ ಎತ್ತಿಕೊಂಡರೆ ಹಳೆಯ ತೀರ್ಪನ್ನೇ ಮತ್ತೊಮ್ಮೆ ಓದಿದಂತಾಗುತ್ತದೆ. ಶ್ರೇಷ್ಠವೋ ಅಲ್ಲವೋ ಎಂಬ ತೀರ್ಮಾನ ಮಾತ್ರ ಕೇಳುಗರದು. ಅಲ್ಲಿ ದಾಕ್ಷಿಣ್ಯ ಕೂಡದು. ಹಳೆಯ ಹಸ್ತಪ್ರತಿಗಳನ್ನು ಶೋಧಿಸುತ್ತಿರುವ ನಮ್ಮ ಗಡಿನಾಡ ಬಂಧುಗಳಿಗೂ ಈ ಎರಡು ಕರ್ತವ್ಯಗಳು ಸಲ್ಲುತ್ತವೆಯೆಂದು ನಾವು ಭಾವಿಸುತ್ತೇವೆ.

ಈ ಬರಹವನ್ನು ಅಚ್ಚಿಗೆ ಕಳುಹಿಸುವ ಮೊದಲು ಮಾಸ್ತರರಿಗೆ ಓದಿ ತೋರಿಸಿದೆವು. ಅವರು ಒಪ್ಪಿದೆನೆಂದೂ ಹೇಳಲಿಲ್ಲ, ಒಪ್ಪೆನೆಂದೂ ಹೇಳಲಿಲ್ಲ. “ಆ ಎರಡನೇ ಭಾಗವನ್ನು ಇನ್ನೊಮ್ಮೆ ಹಾಕಿ ಮಾಷ್ಟ್ರೇ” ಎಂದರು. ಹಾಕಿದೆವು.