ಮೂರನೇ ವಾರ ಏನು ಮಾಡುತ್ತೀರಿ?

ಯಡಿಯೂರಿನ ಸುತ್ತಮುತ್ತ ಫಾರಿನ್ ಪ್ರವಾಸ ಎನ್ನುವುದು ಈಗ ಶ್ರೀಮಂತರಿಗಷ್ಟೇ ಸೇರಿದ ಮಾತಲ್ಲ. ನಿವೃತ್ತ ಮೇಷ್ಟ್ರು, ಸೊಸೈಟಿ ಸೆಕ್ರೆಟರಿ, ಬೆಂಗಳೂರಿನಲ್ಲಿ ಮಕ್ಕಳನ್ನು ನೌಕರಿಗೆ ಹಚ್ಚಿದ ತೆಂಗಿನ ತೋಟದವರು, ಇಂಥ ಅನೇಕರ ಬೀರುವಿನಲ್ಲಿ ಪಾಸ್‌ಪೋರ್ಟ್ ಇದೆ. ಹೋಗಬೇಕೋ ಬೇಡವೋ ಎಂಬ ಚರ್ಚೆ ಮುಗಿದು, ಎಲ್ಲಿಗೆ ಎಂಬ ಚರ್ಚೆ ಶುರುವಾಗಿದೆ. ಅದೂ ನಾಲ್ಕು ದಿನಕ್ಕಲ್ಲ. ಹೋದ ಮೇಲೆ ಒಂದು ತಿಂಗಳು, ಎರಡು ತಿಂಗಳು ಇದ್ದು ಬರಬೇಕು ಅನ್ನುವ ಆಸೆ. ಎಲ್ಲರೂ ಕೇಳುವ ಪ್ರಶ್ನೆ ಒಂದೇ: "ಯಾವ್ ದೇಶ ಕಮ್ಮೀಲಿ ಆಯ್ತದೆ ಮೇಷ್ಟ್ರೆ?"

ನನ್ನ ತಕರಾರಿರುವುದು ಈ ಪ್ರಶ್ನೆಯ ಮೇಲೆಯೇ. ನಮ್ಮ ಜನ ದೇಶ ಆರಿಸುವ ರೀತಿಯನ್ನು ಗಮನಿಸುತ್ತ ಬಂದವನಿಗೆ, ಸೀರೆ ರವಿಕೆಗೆ ಮಾಡುವಷ್ಟು ವಿಚಾರವನ್ನೂ ಅದಕ್ಕೆ ಮಾಡುವುದಿಲ್ಲವಲ್ಲ ಅನ್ನಿಸುತ್ತದೆ. ಒಬ್ಬರು ಕರಪತ್ರ ನೋಡಿ ಆರಿಸುತ್ತಾರೆ, ಇನ್ನೊಬ್ಬರು ಮೊಬೈಲಿನಲ್ಲಿ ಕಂಡ 'ಹತ್ತು ಅಗ್ಗದ ದೇಶಗಳು' ವಿಡಿಯೊ ನೋಡಿ ಆರಿಸುತ್ತಾರೆ, ಮತ್ತೊಬ್ಬರಿಗೆ ಆಯ್ಕೆಯೇ ಇಲ್ಲ, ಮಗ ಎಲ್ಲಿದ್ದಾನೋ ಅದೇ ದೇಶ.

ಕರಪತ್ರದಿಂದ ಶುರು ಮಾಡೋಣ. ಕುಣಿಗಲ್ಲಿನಲ್ಲೋ ತುಮಕೂರಿನಲ್ಲೋ ಕೈಗೆ ಸಿಗುವ ಯೂರೋಪ್ ಪ್ಯಾಕೇಜಿನ ಹಾಳೆಯನ್ನು ಕನ್ನಡಕ ಹಾಕಿಕೊಂಡು ಪೂರ್ತಿ ಓದಬೇಕು. ಹನ್ನೊಂದು ದಿನ, ಆರು ದೇಶ. ಊರಿನ ಹೆಸರುಗಳು ದಪ್ಪ ಅಕ್ಷರದಲ್ಲಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಫೋಟೊ ಸ್ಟಾಪ್', 'ಹೊರಗಿನಿಂದ ವೀಕ್ಷಣೆ', 'ಸಮಯವಿದ್ದಲ್ಲಿ'. ಈ ಮೂರು ಮಾತು ಬಂದ ಕಡೆಯೆಲ್ಲ ಪೆನ್ಸಿಲ್ಲಿನಲ್ಲಿ ಗೀಟು ಎಳೆದು, ಉಳಿದದ್ದನ್ನು ಕೂಡಿದರೆ ಪ್ರವಾಸದ ಬಹುಪಾಲು ಕೋಚ್ ಬಸ್ಸಿನ ಕಿಟಕಿಯಲ್ಲೇ ಕಳೆಯುತ್ತದೆ ಎಂದು ಗೊತ್ತಾಗುತ್ತದೆ. ಯಡಿಯೂರಿನವರಿಗೆ ಇದು ಹೊಸ ದೃಶ್ಯವಲ್ಲ. ಮಂಗಳೂರು ಹೆದ್ದಾರಿಯಲ್ಲಿ ಧರ್ಮಸ್ಥಳಕ್ಕೆ ಹೊರಟ ಬಸ್ಸು ಇಲ್ಲಿ ನಿಲ್ಲುತ್ತದೆ. ಜನ ಇಳಿದು ಸಿದ್ಧಲಿಂಗೇಶ್ವರರ ಗದ್ದುಗೆಗೆ ಕೈಮುಗಿದು, ದಾಸೋಹದಲ್ಲಿ ಉಂಡು, ಮತ್ತೆ ಬಸ್ಸು ಹತ್ತುತ್ತಾರೆ. ಹತ್ತಿರದ ಕಗ್ಗೆರೆ ನೋಡಲಿಲ್ಲ, ಮಾರ್ಕೋನಹಳ್ಳಿ ಕಟ್ಟೆಯ ತಾನೇ ತಾನಾಗಿ ನೀರು ಹೊರಚೆಲ್ಲುವ ಸೈಫನ್ ನೋಡಲಿಲ್ಲ ಎಂದು ಅವರನ್ನು ದೂರುವಂತಿಲ್ಲ, ಅವರ ಗುರಿ ಧರ್ಮಸ್ಥಳ. ಪ್ಯಾಕೇಜಿನ ಯೂರೋಪಿನಲ್ಲಿ ಆ ಧರ್ಮಸ್ಥಳವೇ ಇಲ್ಲ. ಇಡೀ ಪ್ರವಾಸ ದಾರಿಯ ಊಟದ ನಿಲ್ದಾಣಗಳೇ.

ಪ್ಯಾಕೇಜಿಗೆ ಅದರದ್ದೇ ಗುಣಗಳಿವೆ, ಇಲ್ಲವೆನ್ನುವುದಿಲ್ಲ. ಭಾಷೆ ಬಾರದವರಿಗೆ, ಮೊದಲ ಸಲ ವಿಮಾನ ಹತ್ತುವವರಿಗೆ, ಈರುಳ್ಳಿ ಬೆಳ್ಳುಳ್ಳಿಯನ್ನೂ ಮುಟ್ಟದವರಿಗೆ ಅದು ಧೈರ್ಯ ಕೊಡುತ್ತದೆ. ಅಡುಗೆಯವರನ್ನೇ ಜೊತೆಗೆ ಕರೆದೊಯ್ಯುವ ಕಂಪನಿಗಳೂ ಉಂಟು. ಆದರೆ ಕಡಿಮೆ ಖರ್ಚಿನಲ್ಲಿ ಬಹುದಿನ ಇರಬೇಕು ಅನ್ನುವವರಿಗೆ ಅದು ಹೇಳಿ ಮಾಡಿಸಿದ ಸರಕಲ್ಲ. ಮೇಲಾಗಿ ವಿದೇಶಿ ಪ್ಯಾಕೇಜಿನ ಹಣದ ಜೊತೆ ಟಿಸಿಎಸ್ ಎಂದು ತೆರಿಗೆ ಮುರಿದುಕೊಳ್ಳುತ್ತಾರೆ. ರಿಟರ್ನ್ಸ್ ಸಲ್ಲಿಸಿದರೆ ಅದು ತೆರಿಗೆಯಲ್ಲಿ ವಜಾ ಆಗುತ್ತದೆ ಅಥವಾ ವಾಪಸು ಬರುತ್ತದೆ. ರಿಟರ್ನ್ಸ್ ಗೊಡವೆಗೇ ಹೋಗದ ಪಿಂಚಣಿದಾರರು ಅದನ್ನು ಮರೆತೇಬಿಡುತ್ತಾರೆ.

ಇನ್ನು 'ಅಗ್ಗದ ದೇಶ'ದ ಪಟ್ಟಿಗಳು. ಹುಡುಗರಿಗೆ ಇವು ಬಾಯಿಪಾಠ: ಥಾಯ್ಲೆಂಡ್, ವಿಯೆಟ್ನಾಂ, ಬಾಲಿ, ಶ್ರೀಲಂಕಾ. ಪಟ್ಟಿಯಲ್ಲಿ ತಪ್ಪಿಲ್ಲ, ಅದು ಲೆಕ್ಕ ಹಾಕುವ ರೀತಿಯಲ್ಲಿ ತಪ್ಪಿದೆ. ವಿಮಾನದ ಟಿಕೆಟ್ ಒಂದೇ ಸಲದ ಖರ್ಚು. ಹೋಗಿ ಬರಲು 30 ಸಾವಿರ ಎಂದಿಟ್ಟುಕೊಳ್ಳಿ: ಆರು ದಿನಕ್ಕೆ ಹಂಚಿದರೆ ದಿನಕ್ಕೆ 5 ಸಾವಿರ ಬರೀ ಟಿಕೆಟ್ಟಿಗೇ ಹೋಯಿತು, ಅರವತ್ತು ದಿನಕ್ಕೆ ಹಂಚಿದರೆ 500. ಅಂದರೆ ಬಹುದಿನದ ಪ್ರವಾಸದಲ್ಲಿ ಟಿಕೆಟ್ಟಿನ ದರಕ್ಕಿಂತ ದಿನದ ಬಾಡಿಗೆ, ದಿನದ ಊಟ, ದಿನದ ಬಸ್ಸು ಹೆಚ್ಚು ತೂಗುತ್ತವೆ. ರೂಮು ದಿನದ ಲೆಕ್ಕದಲ್ಲಿ ಒಂದು ದರ, ತಿಂಗಳ ಲೆಕ್ಕದಲ್ಲಿ ಬೇರೆಯೇ ದರ. ಒಲೆಯಿರುವ ರೂಮು ಸಿಕ್ಕರೆ ಊಟದ ಖರ್ಚು ಅರ್ಧಕ್ಕಿಳಿಯುತ್ತದೆ. ನಾಲ್ಕು ದೇಶ ಸುತ್ತಿದವನು ನಾಲ್ಕು ಸಲ ಮೊದಲ ದಿನದ ಮೋಸಕ್ಕೆ ಸಿಗುತ್ತಾನೆ, ಒಂದೇ ಊರಲ್ಲಿ ನಿಂತವನಿಗೆ ಮೂರನೇ ದಿನಕ್ಕೆ ತರಕಾರಿಯ ನಿಜವಾದ ಬೆಲೆ ಗೊತ್ತಾಗುತ್ತದೆ.

ಹತ್ತಿರವಿದ್ದದ್ದೆಲ್ಲ ಅಗ್ಗ ಎಂಬುದು ಇನ್ನೊಂದು ಭ್ರಮೆ. ಭೂತಾನಿಗೆ ಭಾರತೀಯರಿಗೆ ವೀಸಾ ಬೇಡ, ಆದರೆ 2022ರ ಸೆಪ್ಟೆಂಬರಿನಿಂದ ತಲೆಗೆ, ರಾತ್ರಿಯೊಂದಕ್ಕೆ 1,200 ರೂಪಾಯಿ ಶುಲ್ಕ. ಗಂಡ ಹೆಂಡತಿ ಮೂವತ್ತು ರಾತ್ರಿ ಉಳಿದರೆ ರೂಮು, ಊಟ ಬಿಟ್ಟು 72 ಸಾವಿರ ಅಲ್ಲಿಗೇ ಆಯಿತು. ಐದು ದಿನಕ್ಕೆ ಸೊಗಸಾದ ದೇಶ, ತಿಂಗಳಿಗಲ್ಲ. ವಿಯೆಟ್ನಾಂ ದೂರ, ಆದರೆ 2023ರ ಆಗಸ್ಟಿನಿಂದ 25 ಡಾಲರಿಗೆ 90 ದಿನದ ಇ-ವೀಸಾ ಕೊಡುತ್ತಿದೆ. ಥಾಯ್ಲೆಂಡ್ 2024ರ ಜುಲೈನಲ್ಲಿ ವೀಸಾ ಇಲ್ಲದೆ 60 ದಿನ ಎಂದಿತು. ಇಂಥ ಸೌಲಭ್ಯಗಳು ಸರ್ಕಾರದ ಮರ್ಜಿ, ಟಿಕೆಟ್ ಮಾಡುವ ದಿನ ಇನ್ನೊಮ್ಮೆ ನೋಡಿಕೊಳ್ಳಬೇಕು. ಯೂರೋಪಿನ ಷೆಂಗೆನ್ ವೀಸಾಕ್ಕೆ 2024ರ ಜೂನಿನಿಂದ 90 ಯೂರೊ, ಕನಿಷ್ಠ 30 ಸಾವಿರ ಯೂರೊ ವಿಮೆ, ಬ್ಯಾಂಕಿನ ಸ್ಟೇಟ್‌ಮೆಂಟು. ಇಷ್ಟಾಗಿಯೂ 180 ದಿನದಲ್ಲಿ 90ಕ್ಕಿಂತ ಹೆಚ್ಚು ಇರುವಂತಿಲ್ಲ. ದೇಶ ಎಷ್ಟು ಅಗ್ಗ ಎಂದು ಕೇಳುವ ಮೊದಲು, ಅದು ನಮ್ಮನ್ನು ಎಷ್ಟು ದಿನ ಇಟ್ಟುಕೊಳ್ಳುತ್ತದೆ ಎಂದು ಕೇಳಬೇಕು.

ಮಗನ ಮನೆಯ ಪ್ರವಾಸ ಮೇಲ್ನೋಟಕ್ಕೆ ಎಲ್ಲಕ್ಕಿಂತ ಅಗ್ಗ. ಬಾಡಿಗೆಯಿಲ್ಲ, ಮನೆಯ ಊಟ, ಅಮೆರಿಕದವರು ಸಾಮಾನ್ಯವಾಗಿ ಆರು ತಿಂಗಳು ಇರಲು ಬಿಡುತ್ತಾರೆ. ಕರ್ನಾಟಕದಿಂದ ಹೋಗುವ ಬಹುದಿನದ ವಿದೇಶ ಪ್ರವಾಸಗಳಲ್ಲಿ ಈ ಬಗೆಯದೇ ಹೆಚ್ಚಿರಬೇಕು ಎಂದು ನನ್ನ ಊಹೆ. ಆದರೆ ಇದನ್ನು ಪ್ರವಾಸ ಎನ್ನಬೇಕೋ ಬಾಣಂತನ ಎನ್ನಬೇಕೋ? ಕಾರು ಓಡಿಸಲು ಬಾರದ ಅಪ್ಪ, ಮೊಮ್ಮಗುವನ್ನು ಬಿಟ್ಟು ಏಳಲಾಗದ ಅಮ್ಮ, ಸಂಜೆ ಏಳಕ್ಕೆ ಬರುವ ಮಗ ಸೊಸೆ, ಭಾನುವಾರ ದೇವಸ್ಥಾನ, ಮತ್ತೆ ಸೋಮವಾರ. ಅಕ್ಕಪಕ್ಕದಲ್ಲಿ ನಡೆದು ಹೋಗುವಂಥ ಅಂಗಡಿಯಿಲ್ಲ. ಸಕ್ಕರೆ ಕಾಯಿಲೆ, ಬಿಪಿ ಮೊದಲೇ ಇದ್ದವರಿಗೆ ವಿಮೆ ಎಷ್ಟರ ಮಟ್ಟಿಗೆ ಒದಗುತ್ತದೆ ಎಂಬ ಭಯ ಬೇರೆ. ಗೊರೂರು ರಾಮಸ್ವಾಮಿ ಅಯ್ಯಂಗಾರ್ 'ಅಮೆರಿಕದಲ್ಲಿ ಗೊರೂರು' ಬರೆದು 1980ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದರು. ಹೇಮಾವತಿ ದಡದ ಹಳ್ಳಿಯನ್ನು ಜೀವಮಾನವಿಡೀ ನೋಡಿ ಪಳಗಿದ ಕಣ್ಣು ಅವರದು. ಎಲ್ಲಿ ಕೂರಿಸಿದರೂ ಅದಕ್ಕೆ ಕೆಲಸ ಸಿಗುತ್ತದೆ. ನಮ್ಮಂಥವರಿಗೆ ದೇಶವೇ ಅಷ್ಟಿಷ್ಟು ಕೆಲಸ ಒದಗಿಸಿಕೊಡಬೇಕು.

ಅದಕ್ಕೇ ನನ್ನ ಒರೆಗಲ್ಲು ಮೂರನೇ ವಾರ. ಮೊದಲ ವಾರ ಯಾವ ದೇಶವಾದರೂ ಚೆಂದವೇ. ಎರಡನೇ ವಾರ ಉಳಿದ ದೇವಸ್ಥಾನ, ಕಡಲತೀರ, ಸಂತೆ ನೋಡಿ ಮುಗಿಯುತ್ತವೆ. ಮೂರನೇ ವಾರದ ಮಂಗಳವಾರ ಬೆಳಿಗ್ಗೆ ಕಾಫಿ ಕುಡಿದು ಏನು ಮಾಡುತ್ತೀರಿ? ಇದಕ್ಕೆ ಉತ್ತರ ಸಿಗದ ದೇಶ ಎಷ್ಟೇ ಅಗ್ಗವಾಗಿರಲಿ, ಅಲ್ಲಿ ಕಳೆದ ಮೂರನೇ ವಾರದ ಪ್ರತಿ ರೂಪಾಯಿಯೂ ದಂಡ. ನೇಮಿಚಂದ್ರ ಪೆರುವಿಗೆ ಹೋಗಿ 'ಪೆರುವಿನ ಪವಿತ್ರ ಕಣಿವೆಯಲ್ಲಿ' ಬರೆದರು. ಬೆಂಗಳೂರಿನ ಯಾವ ಅಗ್ಗದ ಪಟ್ಟಿಯಲ್ಲೂ ಪೆರು ಬರುವುದಿಲ್ಲ. ಆದರೂ ಕನ್ನಡ ಓದುಗರು ಆ ಪುಸ್ತಕವನ್ನು ಮರೆಯದಿರುವುದಕ್ಕೆ ಆ ಹಂಬಲವೂ ಕಾರಣ: ಮೊದಲು ದೇಶ ಬೇಕಾಯಿತು, ಆಮೇಲೆ ಖರ್ಚಿನ ಯೋಚನೆ.

ನಮ್ಮ ಸೀಮೆಯವರ ಕೈಯಲ್ಲಿ ಇಂಥ ಹಂಬಲಕ್ಕೆ ಸಿದ್ಧ ಕಾರಣವೊಂದಿದೆ, ಅದನ್ನು ಯಾರೂ ಬಳಸುವುದಿಲ್ಲ: ತೆಂಗು. ತಿಪಟೂರಿನ ಕೊಬ್ಬರಿ ಮಾರುಕಟ್ಟೆಯ ದರವನ್ನು ದಿನಾ ಕೇಳುವವರು, ಕಾಯಿ ಕೀಳುವವರು ಸಿಗುವುದಿಲ್ಲ ಎಂದು ದಿನಾ ಗೊಣಗುವವರು ನಾವು. ಶ್ರೀಲಂಕಾದ ಕುರುನೇಗಲ, ಪುತ್ತಲಂ, ಚಿಲಾವ್ ನಡುವಿನ ಸೀಮೆಗೆ ತೆಂಗಿನ ತ್ರಿಕೋನ ಎಂದೇ ಹೆಸರು. ಲುಣುವಿಲದಲ್ಲಿ ತೆಂಗು ಸಂಶೋಧನಾ ಸಂಸ್ಥೆ ಇದೆ. ಆ ದೇಶದಲ್ಲಿ ಹೆಂಡ ಇಳಿಸುವವರು ಮರದಿಂದ ಮರಕ್ಕೆ ತೆಂಗಿನ ನಾರಿನ ಹಗ್ಗ ಬಿಗಿದು, ಕೆಳಗಿನ ಹಗ್ಗದ ಮೇಲೆ ಕಾಲಿಟ್ಟು, ಮೇಲಿನ ಹಗ್ಗ ಹಿಡಿದು, ಸೊಂಟದ ಬುರುಡೆಯೊಂದಿಗೆ ಆಕಾಶದಲ್ಲೇ ನಡೆದು ಮುಂದಿನ ಮರಕ್ಕೆ ದಾಟುತ್ತಾರೆ. ಒಂದು ಮರ ಹತ್ತಿ ಹಲವು ಮರದ ಕೆಲಸ ಮುಗಿಸುವ ಈ ಉಪಾಯವನ್ನು ನಿಂತು ನೋಡಲು ಕುಣಿಗಲ್ಲಿನ ತೋಟದವನಿಗೆ ಒಂದು ಬೆಳಿಗ್ಗೆ ಸಾಲದು. ಥಾಯ್ಲೆಂಡಿನ ಸೂರತ್ ಥಾನಿಯಲ್ಲಿ ಪಳಗಿಸಿದ ಕೋತಿಗಳಿಂದ ಕಾಯಿ ಕೀಳಿಸುತ್ತಾರೆ. ಅದರ ಮೇಲೆ ಪ್ರಾಣಿದಯೆಯವರ ಆಕ್ಷೇಪವಿದೆ, ಆಕ್ಷೇಪ ಸರಿಯಾದದ್ದೇ. ವಿಯೆಟ್ನಾಮಿನ ಬೆನ್ ತ್ರೆ ಪ್ರದೇಶದ ತೆಂಗಿನ ಮಿಠಾಯಿ ಹೆಸರುವಾಸಿ. ತೋಟದವನಿಗೆ ಮೂರನೇ ವಾರ ತುಂಬಲು ಇವು ಸಾಕು. ಮೇಷ್ಟ್ರಾದವರು ಶಾಲೆ ನೋಡಲಿ, ಮಗ್ಗದವರು ಮಗ್ಗ ನೋಡಲಿ, ಗುಬ್ಬಿ ವೀರಣ್ಣನ ಊರಿನ ರಂಗಪ್ರೇಮಿಗಳು ವಿಯೆಟ್ನಾಮಿನ ನೀರಿನ ಗೊಂಬೆಯಾಟ ನೋಡಲಿ. ಅವರವರ ಕಸುಬಿಗೆ ನೆಂಟಸ್ತನವಿರುವ ದೇಶವೇ ಅವರವರಿಗೆ ಮೊದಲ ಪಟ್ಟಿ. ಅಗ್ಗ ಯಾವುದು ಎಂಬ ಜರಡಿಯನ್ನು ಆ ಪಟ್ಟಿಯ ಮೇಲೆ ಹಿಡಿಯಬೇಕು.

ಊಟದ ವಿಷಯ ನಮ್ಮ ಮಂದಿಗೆ ಎಲ್ಲಕ್ಕಿಂತ ದೊಡ್ಡದು. ಶ್ರೀಲಂಕಾದಲ್ಲಿ ಅನ್ನ, ಬೇಳೆಯ ಪರಿಪ್ಪು, ಕಾಯಿತುರಿ ಖಾರದ ಪೊಲ್ ಸಂಬೋಲ ನೋಡಿದ ಕೂಡಲೇ ಮನೆಯೂಟ ಸಿಕ್ಕಿತೆಂದು ಕೈ ಹಾಕುವವರುಂಟು. ಆ ಸಂಬೋಲದಲ್ಲಿ ಒಣಮೀನಿನ ಪುಡಿ, ಅವರ ಮಾತಿನಲ್ಲಿ ಉಂಬಲಕಡ, ಬಹಳ ಸಲ ಸೇರಿರುತ್ತದೆ, ಕೇಳಿಯೇ ತಿನ್ನಬೇಕು. ವಿಯೆಟ್ನಾಮಿನಲ್ಲಿ ಮೀನಿನ ಸಾರದ ಬಾಟಲಿ ಇಲ್ಲದ ಅಡುಗೆಮನೆ ಅಪರೂಪ, ಆದರೆ 'ಚಾಯ್' ಎಂಬ ಬೋರ್ಡಿರುವ ಬೌದ್ಧ ಸಸ್ಯಾಹಾರದ ಅಂಗಡಿಗಳು ಊರೂರಿನಲ್ಲಿವೆ, ದರವೂ ಹಗುರ.

ಕೊನೆಗೆ ನೇಪಾಳ. ಇದನ್ನು ಹೇಳಿದ ಕೂಡಲೇ ಎದುರಿನವರ ಮುಖ ಸಪ್ಪೆಯಾಗುತ್ತದೆ. "ಅದೇನ್ ಫಾರಿನ್ನಾ?" ಎಂಬ ಮಾತನ್ನು ಬಾಯಿಬಿಟ್ಟು ಹೇಳುವವರೂ ಇದ್ದಾರೆ. ನಮ್ಮ ಆಯ್ಕೆಗಳ ನಿಜವಾದ ಬೀಗದಕೈ ಇಲ್ಲಿದೆ: ಬಂದ ಮೇಲೆ ಮದುವೆ ಮನೆಯಲ್ಲಿ ಹೇಳಿಕೊಳ್ಳಲು ಒಪ್ಪುವ ಹೆಸರು ಬೇಕು. ಖರ್ಚಿನ ಲೆಕ್ಕದಲ್ಲಿ ನೇಪಾಳವನ್ನು ಮೀರಿಸುವ ದೇಶ ನಮಗಿಲ್ಲ. ವೀಸಾ ಇಲ್ಲ, ದಿನದ ಮಿತಿಯ ಕಿರಿಕಿರಿಯಿಲ್ಲ, ನಮ್ಮ ರೂಪಾಯಿಗೆ ಅವರ 1.60 ರೂಪಾಯಿ ಎಂಬ ಲೆಕ್ಕ 1993ರಿಂದ ಕದಲಿಲ್ಲ. ದಾಲ್ ಭಾತ್ ಕೇಳಿದರೆ ಅನ್ನ, ಬೇಳೆ, ಪಲ್ಯ, ಮತ್ತೆ ಬಡಿಸುತ್ತಾರೆ. ಬೆಂಗಳೂರು–ಹಾಸನ ರೈಲು ದಾರಿ 2017ರಲ್ಲಿ ಶುರುವಾದ ಮೇಲೆ ಯಡಿಯೂರಿಗೆ ಸ್ಟೇಷನ್ ಬಂದಿದೆ. ಯಶವಂತಪುರಕ್ಕೆ ಹೋಗಿ ಗೋರಖಪುರದ ರೈಲು ಹಿಡಿದು, ಅಲ್ಲಿಂದ ಬಸ್ಸಿನಲ್ಲಿ ಸುನೌಲಿ ಗಡಿ ದಾಟಿದರೆ ಲುಂಬಿನಿ ಹತ್ತಿರ. ವಿಮಾನವೇ ಹತ್ತದೆ ವಿದೇಶ ಸೇರಬಹುದು. ಯಡಿಯೂರಿನವರಿಗೆ ಇನ್ನೂ ಒಂದು ಕಾರಣವಿದೆ. ಇಲ್ಲಿ ಗದ್ದುಗೆಯಿರುವ ತೋಂಟದ ಸಿದ್ಧಲಿಂಗರು ಏಳ್ನೂರು ಚರಮೂರ್ತಿಗಳೊಡನೆ ಸಂಚರಿಸಿದವರು ಎನ್ನುತ್ತದೆ ಪರಂಪರೆ. ಜಂಗಮರಿಗೆ ನಾಡಿನ ಎಲ್ಲೆ ಲೆಕ್ಕಕ್ಕಿರಲಿಲ್ಲ. ಕಾಶಿಯ ಜಂಗಮವಾಡಿ ಮಠ ನಮ್ಮವರಿಗೆಲ್ಲ ಗೊತ್ತು. ಕಠ್ಮಂಡು ಕಣಿವೆಯ ಭಕ್ತಪುರದಲ್ಲೂ ಒಂದು ಜಂಗಮ ಮಠವಿದೆ ಎಂಬುದು ಎಷ್ಟು ಜನಕ್ಕೆ ಗೊತ್ತು? ಅದರ ಜಾಡು ಹಿಡಿದು ಹೊರಟವನಿಗೆ ಮೂರನೇ ವಾರದ ಚಿಂತೆಯಿಲ್ಲ.

ಅಡ್ಡಿ ಒಂದೇ, ಕಾಲಮಾನ. ರಾಗಿ ಒಕ್ಕಣೆ ಮುಗಿಸಿ, ಚೈತ್ರದ ತೇರಿನ ಹೊತ್ತಿಗೆ ವಾಪಸು ಬರಬೇಕೆನ್ನುವವರಿಗೆ ಸಿಗುವುದು ಜನವರಿಯಿಂದ ಮಾರ್ಚ್ ಮಾತ್ರ. ಆಗ ಕಠ್ಮಂಡುವಿನ ಚಳಿ ಅರವತ್ತು ದಾಟಿದ ಮಂಡಿಗೆ ಒಗ್ಗದು. ಬಾಲಿಯಲ್ಲಿ ಮಳೆಗಾಲ. ಉತ್ತರ ಥಾಯ್ಲೆಂಡಿನಲ್ಲಿ ಫೆಬ್ರವರಿಯಿಂದ ಗದ್ದೆ ಕಾಡು ಸುಡುವ ಹೊಗೆ. ವಿಯೆಟ್ನಾಮಿನ ದಕ್ಷಿಣ ಒಣಗಿ ಹಿತವಾಗಿರುತ್ತದೆ, ಆದರೆ ಅವರ ಹೊಸ ವರ್ಷ ತೆತ್ ಆಗಲೇ ಬಿದ್ದು ಬಸ್ಸು ರೂಮು ದುಬಾರಿ. ಶ್ರೀಲಂಕಾದ ಪಶ್ಚಿಮ ಭಾಗಕ್ಕೆ ಮಾತ್ರ ಅದು ಹೇಳಿ ಮಾಡಿಸಿದ ಕಾಲ. ಆನ್‌ಲೈನ್ ಇಟಿಎ ಮೂವತ್ತು ದಿನಕ್ಕೆ ಸಿಗುತ್ತದೆ, ವಿಸ್ತರಿಸಿಕೊಳ್ಳಲೂಬಹುದು. ನಾಗಪಟ್ಟಣದಿಂದ ಕಾಂಕೇಸಂತುರೈಗೆ ಹಡಗು 2023ರಲ್ಲಿ ಶುರುವಾಗಿದೆ, ನಡುನಡುವೆ ನಿಂತುಹೋಗುವ ಹಡಗು ಅದು, ನಂಬಿ ಕೂರಬಾರದು. ಆದ್ದರಿಂದ ತೋಟದ ಮನೆಯವರಿಗೆ ನಾನು ಹೇಳುವುದು ಹೀಗೆ: ಈ ಜನವರಿಗೆ ಕುರುನೇಗಲದ ಕಡೆ ತಿಂಗಳ ಬಾಡಿಗೆಗೆ ರೂಮು ನೋಡಿ. ನೇಪಾಳಕ್ಕೆ ಅಕ್ಟೋಬರಿನಲ್ಲಿ ಹೋಗಬೇಕು, ಅದಕ್ಕೆ ರಾಗಿ ಕಟಾವಿನ ಹೊತ್ತಿಗೆ ಹೊಲ ನೋಡಿಕೊಳ್ಳಲು ತಮ್ಮನನ್ನು ಒಪ್ಪಿಸಬೇಕಾಗುತ್ತದೆ.