ಲಿಸ್ಪ್ ಭಾಷೆಯಲ್ಲಿ ಅನುವೃತ್ತಿವಿಚಾರ

ಪಾಣಿನೀಯದಲ್ಲಿ ಪೂರ್ವಸೂತ್ರದ ಪದವು ಉತ್ತರಸೂತ್ರಕ್ಕೆ ಅನುವರ್ತಿಸುವುದು ಪಾಠಕ್ರಮದಿಂದ. ಮಂಡೂಕಪ್ಲುತಿಯ ವಿವಾದಗಳಿದ್ದರೂ, ವ್ಯಾಖ್ಯಾನಕಾರನು ಗ್ರಂಥವನ್ನು ನೋಡಿಯೇ ಅದರ ಮೇರೆಯನ್ನು ಚರ್ಚಿಸಬಲ್ಲನು. ೧೯೬೦ರಲ್ಲಿ ಜಾನ್ ಮೆಕಾರ್ಥಿಯವರು ನಿರೂಪಿಸಿದ ಲಿಸ್ಪ್ ಎಂಬ ಗಣಕಭಾಷೆಯಲ್ಲಿ ಹಾಗಲ್ಲ. ಫಲನವೊಂದರಲ್ಲಿ ತಾನು ಬಂಧಿಸದ ಚರಪದವು ಬಂದರೆ ಅದಕ್ಕೆ ಅರ್ಥವನ್ನು ಕೊಡುವುದು ಅದನ್ನು ಕರೆದ ಫಲನ; ಅಲ್ಲಿಯೂ ಇಲ್ಲವಾದರೆ ಅದನ್ನು ಕರೆದದ್ದು. ಜೇಮ್ಸ್ ಸ್ಲೇಗಲ್ ಅವರ ಕ್ರಮವಿಧಿಯೊಂದು ಇದರಿಂದ ತಪ್ಪುಫಲವನ್ನು ಕೊಟ್ಟಾಗ, ಇದು ಬರಿಯ ದೋಷ, ಸ್ಟೀವ್ ರಸೆಲ್ ತಿದ್ದುವರೆಂದು ತಾವು ನಂಬಿದ್ದುದಾಗಿ ಮೆಕಾರ್ಥಿಯವರೇ ಹೇಳಿಕೊಂಡಿದ್ದಾರೆ.

ಓಡಿಸದೆ ಪಾಠಮಾತ್ರದಿಂದ ಪರೀಕ್ಷಿಸುವವನ ಕಷ್ಟವು ಇಲ್ಲಿಯೇ. ಕರೆಯುವವರೆಲ್ಲರನ್ನೂ ಅವನು ಹುಡುಕಬೇಕು. ಫಲನವನ್ನೇ ಮೌಲ್ಯವಾಗಿ ಒಪ್ಪಿಸಬಹುದಾದ ಭಾಷೆಯಲ್ಲಿ ಆ ಪಟ್ಟಿಯು ಪೂರ್ಣವಾಯಿತೆನ್ನುವುದು ಸಾಹಸ. ಆದಕಾರಣ ಸಂಭವವುಳ್ಳ ಬಂಧಗಳನ್ನೆಲ್ಲ ಅಂಗೀಕರಿಸಿ ಸ್ಥೂಲವಾದ ಉತ್ತರವನ್ನು ಕೊಡುತ್ತಾನೆ. ಇಮ್ಯಾಕ್ಸ್ ಲಿಸ್ಪಿನ ಸಂಕಲಕವು ಅಷ್ಟೂ ಮಾಡದೆ, ಪದವು ಅಬದ್ಧವೆಂದು ಎಚ್ಚರಿಸಿ ಸುಮ್ಮನಾಗುತ್ತದೆ. ಕಠಿನಪದಕ್ಕೆ ಗುರುತುಹಾಕಿ ಅರ್ಥ ಹೇಳದ ಟೀಕೆಯಂತೆ! ಒಂದು ಘೋಷಣೆಯನ್ನು ಬರೆದರೆ ಎಚ್ಚರಿಕೆಯೂ ನಿಲ್ಲುವುದು. ಅರ್ಥವು ಮಾತ್ರ ಇದ್ದಂತೆಯೇ ಸಂದಿಗ್ಧ. ಇದನ್ನು ಪರೀಕ್ಷೆಯೆನ್ನಲು ನನಗೆ ಮನಸ್ಸಿಲ್ಲ.

೧೯೭೫ರ ಸ್ಕೀಮ್ ಪಾಠಾನುಸಾರಿಯಾದ ಬಂಧವನ್ನು ಹಿಡಿಯಿತು. ಇಮ್ಯಾಕ್ಸ್ ೨೦೧೨ರಲ್ಲಿ ಅದನ್ನು ಐಚ್ಛಿಕವಾಗಿ ಸೇರಿಸಿತು. ಕಾಮನ್ ಲಿಸ್ಪಿನಲ್ಲಿ ಚಲಬಂಧದ ಹೆಸರಿನ ಇಕ್ಕೆಲದಲ್ಲಿಯೂ ನಕ್ಷತ್ರಚಿಹ್ನೆಯನ್ನಿಡುವ ಶಿಷ್ಟಾಚಾರವುಂಟು. ಓದುವವನಿಗೆ ಅದು ಉಪಕಾರ. ಯಂತ್ರವು ಘೋಷಣೆಯನ್ನೇ ನೋಡುತ್ತದೆ.