ಕಾದಂಬರಿಯ ಎರಡನೇ ಕರಡು ಯಾರದು?

ಗೆಳೆಯರೇ, ನಮ್ಮಲ್ಲಿ ಕವಿತೆ ಬರೆಯುವವರಿಗೆ ಬರವಿಲ್ಲ. ಮೆರವಣಿಗೆಯ ದಾರಿಯಲ್ಲೇ ಹಾಡು ಹುಟ್ಟುತ್ತದೆ, ಹಾಸ್ಟೆಲ್ಲಿನ ಗೋಡೆಗೆ ಒರಗಿ ಕೂತಲ್ಲೇ ಕತೆ ಮುಗಿಯುತ್ತದೆ. ಕಾದಂಬರಿ ಮಾತ್ರ ಮೊದಲ ಕರಡಿಗೇ ನಿಂತುಬಿಡುತ್ತದೆ. ಶ್ರೀಗಂಧದ ಕಾವಲ್, ಸುಂಕದಕಟ್ಟೆ, ಹೆಗ್ಗನಹಳ್ಳಿ ಕಡೆಯಿಂದ ಗಾರ್ಮೆಂಟ್ಸಿಗೆ, ಪೀಣ್ಯದ ಶೆಡ್ಡುಗಳಿಗೆ ದುಡಿಯಲು ಹೋಗುವ ನಮ್ಮ ಹುಡುಗ ಹುಡುಗಿಯರ ಟ್ರಂಕುಗಳಲ್ಲಿ ಇಂಥ ಅರ್ಧಕ್ಕೆ ನಿಂತ ನೋಟ್‌ಬುಕ್ಕುಗಳಿವೆ. ಯಾಕಪ್ಪಾ ಮುಗಿಸಲಿಲ್ಲ ಅಂತ ಕೇಳಿದರೆ ಎರಡು ಉತ್ತರ ಸಿಗುತ್ತವೆ. ಒಂದು, 'ಟೈಮಿಲ್ಲ'. ಇನ್ನೊಂದು, 'ತಿದ್ದೋಕೆ ಕೂತ್ರೆ ಅದು ನಂದು ಅಂತ ಅನ್ಸೋದೇ ಇಲ್ಲ'. ಮೊದಲನೆಯದು ಹೊಟ್ಟೆಪಾಡಿನ ಮಾತು, ಅದಕ್ಕೆ ಆಮೇಲೆ ಬರುತ್ತೇವೆ. ಎರಡನೆಯದನ್ನು ನಮ್ಮ ವಿಮರ್ಶೆ ಇನ್ನೂ ಸರಿಯಾಗಿ ಕೇಳಿಸಿಕೊಂಡಿಲ್ಲ.

ಮೊದಲ ಕರಡಿನಲ್ಲಿ 'ಅವ್ವ ಮುದ್ದೆ ತೊಳಸ್ತಿದ್ಲು' ಅಂತ ಇರುತ್ತದೆ. ತಿದ್ದಿದಾಗ 'ತಾಯಿ ಅಡುಗೆ ಮಾಡುತ್ತಿದ್ದಳು' ಆಗುತ್ತದೆ. 'ಹೊಟ್ಟೆಗಿಲ್ದೆ ಮಲಗಿದ್ವಿ' ಹೋಗಿ 'ಹಸಿವಿನಿಂದ ಬಳಲಿದ್ದೆವು' ಬಂದು ಕೂರುತ್ತದೆ. ವ್ಯಾಕರಣವೇನೋ ಸರಿಹೋಯಿತು. ಮುದ್ದೆ ಹೋಯಿತು, ಅವ್ವ ಹೋದಳು, ಆ ರಾತ್ರಿಯೂ ಹೋಯಿತು. ಹೀಗೆ ತಿದ್ದು ಅಂತ ಹೇಳಿದವರು ಯಾರು? ಪಕ್ಕದಲ್ಲಿ ಯಾರೂ ಕೂತಿರಲಿಲ್ಲ. ಶಾಲೆಯಲ್ಲಿ ನಮ್ಮ ಮಾತಿಗೆ ಕೆಂಪು ಮಸಿಯ ಗೀಟು ಹಾಕಿದ ಕೈ ಇಷ್ಟು ವರ್ಷದ ಮೇಲೂ ನಮ್ಮ ಪೆನ್ನು ಹಿಡಿದು ಬರೆಸುತ್ತಿದೆ. ಊರು ನಮ್ಮನ್ನು ಕೇರಿಗೆ ತಳ್ಳಿದ ಹಾಗೆಯೇ ಕಾದಂಬರಿಯೂ ನಮ್ಮ ಮಾತನ್ನು ಸಂಭಾಷಣೆಯ ಚಿಹ್ನೆಗಳೊಳಗೆ ತಳ್ಳಿತು. ಪಾತ್ರಗಳು ಅಲ್ಲಿ ಹೇಗೆ ಬೇಕಾದರೂ ಮಾತಾಡಲಿ, ಕತೆ ಹೇಳುವ ಯಜಮಾನಿಕೆ ಮಾತ್ರ ಶಿಷ್ಟ ಕನ್ನಡದ್ದು ಎಂಬ ಕಟ್ಟಳೆ.

ಈ ಕಟ್ಟಳೆಯನ್ನು ಮುರಿದದ್ದು ದೇವನೂರ ಮಹಾದೇವ. 1973ರಲ್ಲಿ 'ದ್ಯಾವನೂರು' ಕಥಾಸಂಕಲನ, ಆಮೇಲೆ 'ಒಡಲಾಳ', ಆಮೇಲೆ 'ಕುಸುಮಬಾಲೆ'. ಮೂರನ್ನೂ ಸಾಲಾಗಿ ಇಟ್ಟು ಓದಿದರೆ ಒಬ್ಬ ಲೇಖಕ ತನ್ನ ಕರಡನ್ನು ನಮ್ಮ ಕಣ್ಣೆದುರಿಗೇ ತಿದ್ದುತ್ತಿರುವುದು ಗೊತ್ತಾಗುತ್ತದೆ. 'ಒಡಲಾಳ'ದಲ್ಲಿ ಹಟ್ಟಿಯ ಮಾತು ಮುಖ್ಯವಾಗಿ ಪಾತ್ರಗಳ ಬಾಯಲ್ಲಿದೆ. 'ಕುಸುಮಬಾಲೆ'ಗೆ ಬರುವಷ್ಟರಲ್ಲಿ ನಂಜನಗೂಡು ಸೀಮೆಯ ಆ ಮಾತೇ ಕತೆ ಹೇಳಲು ಕೂತಿದೆ. ಮಂಚ ಮಾತಾಡುತ್ತದೆ, ದೀಪದ ಜೋತಮ್ಮಗಳು ಸೇರಿ ಊರಿನ ಕಷ್ಟಸುಖ ಆಡಿಕೊಳ್ಳುತ್ತವೆ. ದಲಿತ ಯುವಕ ಚೆನ್ನನ ಕೊಲೆಯನ್ನು ಪೊಲೀಸ್ ವರದಿಯ ಕನ್ನಡದಲ್ಲಿ ಹೇಳಿದ್ದರೆ ಅದು ಇನ್ನೊಂದು ಸುದ್ದಿ ಆಗುತ್ತಿತ್ತು. ಅವ್ವಂದಿರು ಕತೆ ಹೇಳುವ ಧಾಟಿಯಲ್ಲಿ ಹೇಳಿದ್ದರಿಂದ ಅದು ಸೀಮೆಯ ಸಂಕಟ ಆಯಿತು. 'ಓದೋಕೇ ಆಗಲ್ಲ' ಅಂತ ಓದುಬಲ್ಲವರು ಗೊಣಗಿದರು. ನಿಜ. ಹಳೆಗನ್ನಡ ಓದಲು ನಿಘಂಟು ತೆರೆಯುವವರಿಗೆ ಪಕ್ಕದ ಹಟ್ಟಿಯ ಕನ್ನಡ ಕಷ್ಟವಾಯಿತು! 1990ರಲ್ಲಿ ಆ ತೆಳ್ಳನೆಯ ಪುಸ್ತಕಕ್ಕೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಪ್ರಶಸ್ತಿ ನಮಗೆ ದೊಡ್ಡದಲ್ಲ. ತಿದ್ದುತ್ತಾ ತಿದ್ದುತ್ತಾ ಒಬ್ಬ ಲೇಖಕ ತನ್ನ ಕೇರಿಯಿಂದ ದೂರ ಹೋಗದೆ ಹತ್ತಿರ ಬರಬಹುದು ಎಂಬುದು ದೊಡ್ಡದು.

ಹಾಗಾದರೆ ತಿದ್ದುವುದೇ ಬೇಡ, ನೋವಿಗೇನು ತಿದ್ದುಪಡಿ, ಬಂದದ್ದು ಬಂದ ಹಾಗೇ ಇರಲಿ ಅನ್ನುವ ಗೆಳೆಯರು ನಮ್ಮಲ್ಲಿದ್ದಾರೆ. ಆಕೃತಿ, ತಂತ್ರ ಅಂತ ನವ್ಯರು ಜಪ ಮಾಡಿದ್ದಕ್ಕೆ ಹುಟ್ಟಿದ ಸಿಟ್ಟು ಇದು. ಸಿಟ್ಟು ನ್ಯಾಯವಾದದ್ದೇ, ಆದರೆ ತೀರ್ಮಾನ ತಪ್ಪು. ನಮ್ಮ ಮೊದಲ ಕರಡುಗಳನ್ನು ನಾವೇ ನಿಷ್ಠುರವಾಗಿ ನೋಡೋಣ. ಅಲ್ಲಿ ಸಾಹುಕಾರ ಸಿನಿಮಾದಿಂದ ಬಂದಿರುತ್ತಾನೆ. ನಾಯಕ ನಮ್ಮ ವೇದಿಕೆ ಭಾಷಣವನ್ನೇ ಒಪ್ಪಿಸುತ್ತಾನೆ. ಹೆಣ್ಣಿಗೆ ಕೆಟ್ಟು ಬಾವಿಗೆ ಬೀಳುವುದು ಬಿಟ್ಟರೆ ಬೇರೆ ಕೆಲಸವಿಲ್ಲ. ಇದರಲ್ಲಿ ನಮ್ಮ ಬದುಕು ಎಲ್ಲಿದೆ? ಎಲ್ಲ ಸಾಲ ತಂದದ್ದು. 'ಒಡಲಾಳ'ದ ಸಾಕವ್ವನನ್ನು ನೋಡಿ. ಕಳೆದುಹೋದ ಹುಂಜಕ್ಕಾಗಿ ಕೇರಿಯೆಲ್ಲ ಹುಡುಕುವ ಮುದುಕಿ ಅವಳು. ಕದ್ದು ತಂದ ಕಡ್ಲೆಕಾಯನ್ನು ಮನೆಮಂದಿಯೆಲ್ಲ ಬೆಂಕಿಯ ಸುತ್ತ ಕೂತು ಒಂದೇ ರಾತ್ರಿಯಲ್ಲಿ ತಿಂದು ಮುಗಿಸುತ್ತಾರೆ. ಬೆಳಗಾದರೆ ಪೊಲೀಸರು ಮನೆ ಜಾಲಾಡುತ್ತಾರೆ. ಎಲ್ಲೂ ಭಾಷಣವಿಲ್ಲ, ಘೋಷಣೆಯಿಲ್ಲ. ಹಸಿವು ಅಲ್ಲಿ ಹಬ್ಬದ ಹಾಗೆ ಕಾಣುತ್ತದೆ, ಅದರಿಂದಲೇ ಓದುವವನ ಕರುಳು ಕಿವುಚುತ್ತದೆ. ಬರೀ ಸಿಟ್ಟಿನಿಂದ ಇಂಥದ್ದು ಹುಟ್ಟುವುದಿಲ್ಲ. ಸಿಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡು ಮತ್ತೆ ಮತ್ತೆ ನೋಡಿದಾಗ ಹುಟ್ಟುತ್ತದೆ.

ತಿದ್ದುವುದು ಮಾತಿಗೆ ಮಾತ್ರ ಸಂಬಂಧಿಸಿದ್ದೂ ಅಲ್ಲ. ಶೂದ್ರ ಲೇಖಕ ಕುವೆಂಪು 1936ರಲ್ಲಿ 'ಕಾನೂರು ಹೆಗ್ಗಡಿತಿ' ಕೊಟ್ಟರು. ಬೇಲರ ಬೈರನಂಥವರು ಅಲ್ಲಿದ್ದಾರೆ. ಆದರೆ ಕಾದಂಬರಿಯ ಕಣ್ಣು ಓದಿದ ಹೂವಯ್ಯನ ಮೇಲೆ. 31 ವರ್ಷ ಕಳೆದು 1967ರಲ್ಲಿ 'ಮಲೆಗಳಲ್ಲಿ ಮದುಮಗಳು' ಬಂದಾಗ ಕಾಡುದಾರಿಯಲ್ಲಿ ಮೊದಲು ಎದುರಾಗುವವನು ಹೊಲೆಯರ ಗುತ್ತಿ, ಜೊತೆಗೆ ಅವನ ನಾಯಿ ಹುಲಿಯ. ಅದೇ ಮಲೆನಾಡು, ಅದೇ ಗೌಡರ ಮನೆಗಳು. ಆದರೆ ಗುತ್ತಿ ತಿಮ್ಮಿಯರ ಪ್ರೇಮಕ್ಕೆ ಗೌಡರ ಮಕ್ಕಳ ಪ್ರೇಮಕ್ಕಿರುವಷ್ಟೇ ಜಾಗ. ನಾವು ಎರಡನೆಯ ಕಾದಂಬರಿಯನ್ನು ಮೊದಲನೆಯದರ ತಿದ್ದಿದ ಪ್ರತಿ ಅಂತಲೇ ಓದುತ್ತೇವೆ. ಯಾರು ಮಧ್ಯದಲ್ಲಿ, ಯಾರು ಜಗುಲಿಯ ಕೆಳಗೆ ಎಂಬುದನ್ನು ಬದಲಿಸಿದ್ದೇ ಅಲ್ಲಿನ ದೊಡ್ಡ ತಿದ್ದುಪಡಿ. ಅಕ್ಷರದೋಷ ಆಮೇಲಿನ ಮಾತು.

ಇನ್ನು ಟೈಮಿನ ಪ್ರಶ್ನೆ. ಕಾದಂಬರಿ ತಿದ್ದಲು ವರ್ಷಗಳು ಬೇಕು, ಮೇಜು ಬೇಕು, ಬಾಗಿಲು ಹಾಕಿಕೊಳ್ಳಲು ಒಂದು ಕೋಣೆ ಬೇಕು. ಟಾರ್ಗೆಟ್ ಮುಗಿಸಿ ಬಸ್ಸಿನಲ್ಲಿ ನಿಂತುಕೊಂಡು ಬಂದ ಹೆಣ್ಣುಮಗಳು ಇನ್ನೂ ನೀರು ಹಿಡಿದು ಅಡುಗೆ ಮಾಡಬೇಕು. ಅವಳಿಗೆ ತಾಳ್ಮೆಯ ಉಪದೇಶ ಕೊಡುವುದು ಅನ್ಯಾಯ. ಒಬ್ಬರಿಗೇ ಆಗದ್ದನ್ನು ಬಳಗ ಮಾಡಬೇಕು. ಭಾನುವಾರ ಒಂದು ಅಧ್ಯಾಯ ಗಟ್ಟಿಯಾಗಿ ಓದೋಣ. ವಿಮರ್ಶಕರಿಗಿಂತ ಮೊದಲು, ಕತೆಯಲ್ಲಿ ಯಾರಿದ್ದಾರೋ ಅವರ ಮುಂದೆ, ಅಕ್ಷರ ಬಾರದ ಅವ್ವಂದಿರ ಮುಂದೆ ಓದೋಣ. 'ಹಂಗಲ್ಲ ಕಣ್ ಮಗ, ನಡೆದಿದ್ದು ಹಿಂಗೆ' ಅಂತ ಅವರು ತಡೆದ ಜಾಗದಲ್ಲಿ ತಿದ್ದೋಣ. ಹಳ್ಳಿಯ ಮೇಷ್ಟ್ರುಗಳಿಗೆ ಒಂದೇ ವಿನಂತಿ: ಮಕ್ಕಳು ಮನೆಮಾತಿನಲ್ಲಿ ಬರೆದದ್ದಕ್ಕೆ ಗೀಟು ಹಾಕುವ ಮುನ್ನ ಒಂದು ಸಲ ಗಟ್ಟಿಯಾಗಿ ಓದಿ ನೋಡಿ. ಬರೆಯುವವರಿಗೂ ಒಂದು ಮಾತು. ಹಳೆಯ ಕರಡು ಹರಿದು ಹಾಕಬೇಡಿ. ತಿದ್ದಿದ್ದರಲ್ಲಿ ಏನು ಕಳೆದುಹೋಯಿತು ಅಂತ ಹೇಳುವುದು ಅದೊಂದೇ.

ಕಾವಲ್ ಅಂದರೆ ಅರಸರ ಕಾಲದಲ್ಲಿ ಕಾದಿಟ್ಟ ಹುಲ್ಲುಗಾವಲು. ಇವತ್ತು ಶ್ರೀಗಂಧದ ಕಾವಲ್‌ನಲ್ಲಿ ಲೇಔಟುಗಳಿವೆ, ಬಾಡಿಗೆ ಮನೆಗಳಿವೆ, ಹತ್ತಾರು ಸೀಮೆಗಳಿಂದ ದುಡಿಯಲು ಬಂದವರ ಹತ್ತಾರು ಕನ್ನಡಗಳಿವೆ. ಇದೆಲ್ಲ ಕಾದಂಬರಿಯಾಗಬೇಕು. ಟ್ರಂಕಿನ ನೋಟ್‌ಬುಕ್ಕು ತೆಗೆಯಿರಿ. ಈ ಭಾನುವಾರ ಮೊದಲ ಅಧ್ಯಾಯ ಓದಿ, ಕೇಳೋಕೆ ನಾವು ಬರುತ್ತೇವೆ.